ಹೊರಲು ಬಂದವರು

ಬೆಳಿಗ್ಗೆ ಹತ್ತೂವರೆ. ನಾಗಸಂದ್ರದ ಮನೆಯ ಮುಂದೆ ಹನುಮಂತರಾಯಪ್ಪನ ಶವ ಚಟ್ಟದ ಮೇಲಿತ್ತು. ಅದನ್ನು ಎತ್ತುವವರು ಯಾರೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಒಂದು ಕಡೆ ಅವನ ಮೋಟಾರ್ ವೈಂಡಿಂಗ್ ಶೆಡ್ಡಿನ ನಾಲ್ವರು ಬರಿಗಾಲಲ್ಲಿ ನಿಂತಿದ್ದರು. ಇನ್ನೊಂದು ಕಡೆ ನೀಲಿ ಸಮವಸ್ತ್ರದ ಸೆಕ್ಯೂರಿಟಿ ಗಾರ್ಡ್‌ಗಳು. ಅವರನ್ನು ವ್ಯಾನಿನಲ್ಲಿ ಕರೆತಂದವನು ಸತ್ತವನ ತಮ್ಮ ಈರಪ್ಪ, ಅವರ ಸೆಕ್ಯೂರಿಟಿ ಏಜೆನ್ಸಿಯ ಸೂಪರ್‌ವೈಸರ್.

"ಮಿಲ್ಟ್ರಿ ಮನುಷ್ಯ ಅತ್ಗೆ. ಯೂನಿಫಾರಂ ಇರೋರೇ ಎತ್ಬೇಕು. ನಮ್ ಓನರ್ ಬರ್ತಾವ್ರೆ, ಸೆಲ್ಯೂಟ್ ಮಾಡ್ಸಿ ಒರಟ್ಬಿಡೋಣ. ಐದೇ ನಿಮಿಷ."

"ಎಂಟು ಗಂಟೆಗೂ ಐದೇ ನಿಮಿಷ ಅಂದೆ," ಎಂದಳು ಸತ್ತವನ ಹೆಂಡತಿ ಭದ್ರಮ್ಮ.

"ನಮ್ಗೂ ಒಂದೊಂದು ಟೋಪಿ ಕೊಟ್ಬಿಡಿ ಈರಪ್ಪಣ್ಣ, ಈಗ್ಲೇ ಎತ್ತೀವಿ," ಎಂದ ಶೆಡ್ಡಿನ ಹಿರಿಯ ಕೆಲಸಗಾರ ಸಿದ್ದರಾಜು.

ಈರಪ್ಪ ಕಟ್ಟಿಸಿದ್ದ ಫ್ಲೆಕ್ಸ್‌ನಲ್ಲಿ ಅಣ್ಣನ ತಲೆಯನ್ನು ಬಂದೂಕು ಹಿಡಿದ ಯಾರದೋ ಮೈಗೆ ಅಂಟಿಸಿದ್ದರು. ಸೇನೆಯಲ್ಲಿದ್ದಷ್ಟು ವರ್ಷವೂ ಹನುಮಂತರಾಯಪ್ಪ ಮಾಡಿದ್ದು ಲಾರಿ ರಿಪೇರಿ.

"ಕುತ್ಗೆಗಂಟ ನನ್ ಗಂಡ. ಕೆಳಗಿರೋನು ಯಾವನೋ?" ಭದ್ರಮ್ಮ ಕೇಳಿದಳು.

* * *

ಸೇನೆ ಬಿಟ್ಟು ಬಂದ ವಾರವೇ ಈರಪ್ಪ ಅಣ್ಣನಿಗೆ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಕೆಲಸ ಕೊಡಿಸಿದ್ದ. ಹನುಮಂತರಾಯಪ್ಪ ಹೋದದ್ದು ಒಂದೇ ದಿನ.

"ಮಿಲ್ಟ್ರಿಯಿಂದ ಬಂದೋರ್ಗೆ ಇನ್ಯಾವ್ ಕೆಲ್ಸ ಸಿಗ್ತದಣ್ಣ?"

"ಒಳಗೆ ಮೋಟ್ರು ಸುಟ್ಟೋಗಿತ್ತು ಕಣೋ. ನೋಡ್ತೀನಿ ಅಂತ ಓದೆ. ಗೇಟ್ ಬಿಟ್ಟು ಬರ್ಬೇಡ ಅಂದ್ರು."

ಮೂವತ್ತೆಂಟನೇ ವಯಸ್ಸಿನಲ್ಲಿ ಅವನು ಪೀಣ್ಯದ ವೈಂಡಿಂಗ್ ಅಂಗಡಿಯೊಂದರಲ್ಲಿ ಕಲಿಯಲು ಕೂತ. ಕಲಿಸುತ್ತಿದ್ದ ಸಿದ್ದರಾಜುವಿಗೆ ಆಗ ಇಪ್ಪತ್ತು. ತಾಮ್ರದ ತಂತಿ ತಪ್ಪಾಗಿ ಸುತ್ತಿದರೆ, "ಸುಬೇದಾರ್ರೇ, ಬಿಚ್ಚಿ," ಎನ್ನುತ್ತಿದ್ದ. ಸುಬೇದಾರನೇ ಆಗಿರದ ಹನುಮಂತರಾಯಪ್ಪ ಮಾತಿಲ್ಲದೆ ಬಿಚ್ಚುತ್ತಿದ್ದ. ಮನೆಗೆ ಬಂದು ಭದ್ರಮ್ಮನ ಸಾರಿಗೆ ಉಪ್ಪು ಸಾಲದೆಂದು ರೇಗುತ್ತಿದ್ದ. ಕೈ ಕುದುರಲು ಎರಡು ವರ್ಷ ಹಿಡಿಯಿತು. ಆಮೇಲೆ ಸ್ವಂತ ಶೆಡ್ ಹಾಕಿದ, ಸಿದ್ದರಾಜುವನ್ನೂ ಕರೆದುಕೊಂಡ.

* * *

ಹನ್ನೊಂದೂವರೆಗೆ ಈರಪ್ಪನ ಫೋನು ಹೊಡೆದುಕೊಂಡಿತು.

"ಓನರ್ ತಪ್ಪಿ ಫ್ಲೈಓವರ್ ಹತ್ಬಿಟ್ಟವ್ರೆ ಅತ್ಗೆ. ನೆಲಮಂಗಲದ ಕಡೆ ಓಗಿ ತಿರುಗಿಸ್ಕೊಂಡು ಬರ್ಬೇಕು."

ಬಸಲಿಂಗನೆಂಬ ಗಾರ್ಡ್ ಮೆಲ್ಲಗೆ ಹೇಳಿದ: "ಸರ್, ನೈಟ್ ಡ್ಯೂಟಿ ಮುಗಿಸಿ ಬಂದೀವ್ರಿ. ಇನ್ನೂ ಎಷ್ಟೊತ್ತು ನಿಂದರ್ಬೇಕ್ರಿ?"

"ರಾತ್ರಿಯೆಲ್ಲ ನಿಂತೋರ್ನ ಇಲ್ಲೂ ನಿಲ್ಸಿದೀಯಾ?" ಭದ್ರಮ್ಮ ಎದ್ದಳು. "ಕೂತ್ಕೊಳ್ರಪ್ಪ."

ಗಾರ್ಡ್‌ಗಳು ಈರಪ್ಪನ ಮುಖ ನೋಡಿದರು. ಯಾರೂ ಕೂರಲಿಲ್ಲ.

"ಸಿದ್ರಾಜು, ಎತ್ತು."

"ಅತ್ಗೆ! ಓನರ್‌ಗೆ ನಾನೇನಂತ ಏಳ್ಲಿ? ನನ್ ಕೆಲ್ಸ ಓಯ್ತದೆ."

"ನಿಮ್ಮಣ್ಣನ್ ಕೈ ಕೆಳಗೆ ಕೆಲ್ಸ ಮಾಡ್ದೋರು ಒತ್ಕೊಂಡೋದ್ರು ಅಂತ ಏಳು. ನೀನೂ ಬಾ, ಒಡಹುಟ್ಟಿದೋನು."

ಶೆಡ್ಡಿನ ನಾಲ್ವರೂ ಚಟ್ಟಕ್ಕೆ ಹೆಗಲು ಕೊಟ್ಟರು. ಈರಪ್ಪ ಅವರ ಹಿಂದೆ ತಿರುವಿನವರೆಗೂ ಹೋದ. ಫೋನು ಮತ್ತೆ ಹೊಡೆದುಕೊಂಡಿತು. ಅಲ್ಲಿಂದಲೇ ವಾಪಸು ಬಂದು ಗಾರ್ಡ್‌ಗಳನ್ನು ಮನೆಯ ಗೇಟಿನ ಎರಡೂ ಬದಿ ಸಾಲಾಗಿ ನಿಲ್ಲಿಸಿದ.

ಓನರ್ ಬಂದಾಗ ಒಂದು ಗಂಟೆ. ಅಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಗಾರ್ಡ್‌ಗಳು ಕಾರಿಗೆ ಸೆಲ್ಯೂಟ್ ಹೊಡೆದರು.