ಎರಡೂ ಎಡಗೈ

ಅವಳನ್ನು ಚಿಕ್ಕಿ ಎಂದು ಕರೆಯುವ ಹಕ್ಕಿದ್ದದ್ದು ಒಬ್ಬಳಿಗೇ, ಅಕ್ಕನ ಮಗಳಿಗೆ. ಆದರೆ ಆ ಹುಡುಗಿ ಚಿಕ್ಕವಳಿದ್ದಾಗ ಹೊಲಿಗೆ ಅಂಗಡಿಯ ಮೇಜಿನ ಕೆಳಗೆ ಕೂತು ದಿನವಿಡೀ ಚಿಕ್ಕಿ, ಚಿಕ್ಕಿ ಎಂದು ಕೂಗುತ್ತಿದ್ದುದರಿಂದ ಹೆಸರು ಗಿರಾಕಿಗಳ ಬಾಯಿಗೂ ಹತ್ತಿತು. ಈಗ ತಲೆ ನರೆತವರೂ ಬಂದು, 'ಚಿಕ್ಕಿ, ಈ ಪ್ಯಾಂಟಿನ ಸೊಂಟ ಒಂಚೂರು ಬಿಡಿಸಿಕೊಡಿ' ಅನ್ನುತ್ತಿದ್ದರು. ಹುಡುಗಿಗೆ ಬುಗುರಿ ಎಂದು ಅಡ್ಡಹೆಸರು. ನಿಂತಲ್ಲಿ ನಿಲ್ಲುವವಳಲ್ಲ. ಬೆಳೆದು ದೊಡ್ಡವಳಾದ ಮೇಲೂ ಸ್ಕೂಟರ್ ಮೇಲೆ ಪಾರ್ಸೆಲ್ ಹಂಚುವ ಕೆಲಸವನ್ನೇ ಹುಡುಕಿಕೊಂಡಳು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಕಾಯಿಲೆ ಎಂದು ಗೊತ್ತಾಗುವಷ್ಟರಲ್ಲಿ ಮುಗಿದೇಹೋಗಿತ್ತು. ಬಂದವರೆಲ್ಲ ಚಿಕ್ಕಿಯ ಮುಖವನ್ನೇ ನೋಡಿದರು. ಬೆನ್ನಿಗೆ ಬಿದ್ದ ತಂಗಿ, ಅಕ್ಕನ ಸೆರಗು ಹಿಡಿದೇ ಬೆಳೆದವಳು, ಈಗ ಕುಸಿದುಬೀಳುತ್ತಾಳೆ ಎಂದು ಇಬ್ಬರು ಅಕ್ಕಪಕ್ಕ ನಿಂತೂ ಇದ್ದರು. ಅವಳು ಬೀಳಲಿಲ್ಲ. ಅಳಲೂ ಇಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಲೋಟ ತೊಳೆದಳು, ಮರುದಿನ ಅಂಗಡಿಯ ಬಾಗಿಲು ತೆಗೆದಳು. ಏನೋ ಕೇಳಲು ಅಲ್ಲಿಗೆ ಬಂದ ಬುಗುರಿ ಹೊಸ್ತಿಲಲ್ಲೇ ನಿಂತು, ಚಿಕ್ಕಮ್ಮ ಮಿಷನ್ನಿನ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತಿದ್ದುದನ್ನು ಕಂಡು, ಕೇಳುವುದನ್ನು ಕೇಳದೆ ಹೊರಟುಹೋದಳು. ಅಲ್ಲಿಂದೀಚೆಗೆ ಅವಳ ಮಾತು ಅಳೆದು ತೂಗಿದಂತಾಯಿತು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಚಿಕ್ಕಿಗೆ ಮಕ್ಕಳಿಲ್ಲ, ಮರಿಗಳಿಲ್ಲ. ಇದ್ದದ್ದು ಈ ಒಂದು ಬುಗುರಿ.

ನೋವಾಗುತ್ತಿದೆಯೇ ಎಂದು ಚಿಕ್ಕಿ ತನ್ನನ್ನೇ ಕೇಳಿಕೊಂಡಿದ್ದುಂಟು. ಬಹಳ ಹೊತ್ತು ಒಂದೇ ಮಗ್ಗುಲಿಗೆ ಮಲಗಿ ಎದ್ದಾಗ ಕೈ ಇರುತ್ತದಲ್ಲ, ಇದೆ, ಆದರೆ ತನ್ನದಲ್ಲ ಎನ್ನುವ ಹಾಗೆ, ಹಾಗಿತ್ತು ಅವಳ ಒಳಗೆಲ್ಲ. ಜೋಮು ಬಿಡಲಿ ಎಂದು ಕಾದಳು. ಬಿಡಲಿಲ್ಲ.

ಶನಿವಾರ ಮಧ್ಯಾಹ್ನದ ಕೂಟಕ್ಕೆ ಅವಳನ್ನು ತಳ್ಳಿದ್ದು ಭಾವ. ಅಕ್ಕನಿಲ್ಲದ ಮನೆಯಲ್ಲಿ ತಾನು ಗೋಡೆ ನೋಡಿಕೊಂಡು ಕೂರುವುದು ಸಾಲದೆ, ಇವಳೂ ಅಂಗಡಿ ಮುಚ್ಚಿ ಬಂದು ಎದುರು ಗೋಡೆ ನೋಡುತ್ತಾ ಕೂರುವುದು ಆತನಿಗೆ ಸಹಿಸಲಾಗಲಿಲ್ಲ. ಸೈಕಲ್ ಅಂಗಡಿಯ ಮಹಡಿಯ ಮೇಲೆ ಯಾರೋ ಚರ್ಮದ ಸಾಮಾನು ಮಾಡುವುದು ಕಲಿಯುತ್ತಾರಂತೆ, ಹವ್ಯಾಸಕ್ಕೆ, ಹೋಗಿ ನೋಡು ಅಂದ. ಬೇಡ ಎನ್ನುವುದಕ್ಕೂ ಒಂದಿಷ್ಟು ಮನಸ್ಸು ಬೇಕು. ಅದು ಇಲ್ಲದ್ದರಿಂದ ಹೋದಳು.

ಕೋಣೆ ಉದ್ದವಾಗಿತ್ತು. ನಡುವೆ ಒಂದು ಹಳೆಯ ಊಟದ ಮೇಜು, ಅದರ ಮೇಲೆ ಪೆಟ್ಟು ತಾಳಲು ಒಂದು ಕಲ್ಲಿನ ಚಪ್ಪಡಿ. ಕೊಡತಿ, ಮೇಣದ ಉಂಡೆ, ಡಬ್ಬಿ ತುಂಬ ದಪ್ಪ ಸೂಜಿ. ಕೆಳಗಿನಿಂದ ಸೈಕಲ್ಲಿನ ಎಣ್ಣೆಯ ವಾಸನೆ, ಮೇಲೆ ಚರ್ಮದ ವಾಸನೆ. ಕೂಟ ಕಟ್ಟಿದವರು ಹಲ್ಲಿನ ಡಾಕ್ಟರಮ್ಮ. ವಾರವಿಡೀ ಬಾಯಿ ತೆರೆದವರನ್ನೇ ನೋಡಿ ಸಾಕಾಗಿ, ಮಾತಾಡದ ವಸ್ತುವೊಂದು ಬೇಕು ಎನಿಸಿ ಇದಕ್ಕೆ ಬಿದ್ದೆ ಎಂದು ಹೇಳಿಕೊಳ್ಳುತ್ತಿದ್ದರು. ಇನ್ನೊಬ್ಬರು ನಿವೃತ್ತ ಬಸ್ ಡ್ರೈವರ್. ಎಲ್ಲರಿಗೂ ಡ್ರೈವರಣ್ಣ. ಅವರಿಗೆ ಬೆಲ್ಟು ಬಿಟ್ಟು ಬೇರೇನೂ ಮಾಡಲು ಬರುತ್ತಿರಲಿಲ್ಲ. ಮಗನಿಗೆ, ಅಳಿಯನಿಗೆ, ಬೀಗರಿಗೆ ಎಲ್ಲ ಬೆಲ್ಟು ಮಾಡಿ ಮುಗಿದು, ಈಗ ನೆಂಟರ ಸೊಂಟ ಸಾಲದೆ ನಾಯಿಯ ಕುತ್ತಿಗೆಗೆ ಇಳಿದಿದ್ದರು. ಬಂದು ಹೋಗುವವರು ಇನ್ನೂ ಒಂದಿಬ್ಬರಿದ್ದರು. ಅವರಾರೂ ಚಿಕ್ಕಿಯನ್ನು ಏನಾಯಿತು, ಹೇಗಿದ್ದೀ ಎಂದು ಕೇಳಲಿಲ್ಲ. ದಾರಕ್ಕೆ ಮೇಣ ಹೇಗೆ ಹಚ್ಚುವುದು, ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ ಒಂದೇ ತೂತಿನಲ್ಲಿ ಎರಡು ಕಡೆಯಿಂದ ಹೇಗೆ ಹಾಯಿಸುವುದು ಎಂದು ಹೇಳಿಕೊಟ್ಟರು. ಅಷ್ಟು ಸಾಕಾಗಿತ್ತು. ಅವಳ ಹೊಲಿಗೆ ಮೊದಲ ದಿನವೇ ಡಾಕ್ಟರಮ್ಮನದಕ್ಕಿಂತ ನೇರ ಬಂತು. 'ಟೈಲರಮ್ಮನಿಗೆ ಪಾಠ ಹೇಳೋಕೆ ಹೋದ್ನಲ್ಲ ನಾನು' ಎಂದು ಅವರೇ ನಕ್ಕರು.

ಡಾಕ್ಟರಮ್ಮ ಎಲ್ಲರಿಗೂ ಹೇಳುತ್ತಿದ್ದ ಮಾತೊಂದಿತ್ತು. ಬಟ್ಟೆಗೆ ಎರಡು ಮುಖ, ಚರ್ಮಕ್ಕೆ ತೋರಿಸುವಂಥದ್ದು ಒಂದೇ. ಮೇಲಿನದು ನುಣುಪು, ಒಳಗಿನದು ಒರಟು. ಬಟ್ಟೆಯನ್ನು ಮಡಚಿ ಒಂದೇ ಏಟಿಗೆ ಎಡ ಬಲ ಎರಡನ್ನೂ ಕತ್ತರಿಸಿದ ಹಾಗೆ ದಪ್ಪ ಚರ್ಮವನ್ನು ಕತ್ತರಿಸಲಾಗದು. ಒಂದೊಂದಾಗಿ ಕತ್ತರಿಸಬೇಕು, ಎರಡನೆಯದಕ್ಕೆ ರಟ್ಟಿನ ಅಚ್ಚನ್ನು ಮಗುಚಿ ಹಾಕಬೇಕು. ಚಿಕ್ಕಿ ತಲೆಯಾಡಿಸಿದ್ದಳು.

ಭಾವ ಕಪಾಟು ಖಾಲಿ ಮಾಡಿದ ದಿನ ಅಕ್ಕನ ಚರ್ಮದ ಜಾಕೆಟ್ಟು ಹೊರಬಂತು. ಅಕ್ಕ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದಳು. ಬಿಸಿಲಿರಲಿ ಗಾಳಿಯಿರಲಿ ಸ್ಕೂಟರ್ ಹತ್ತಿದಳೆಂದರೆ ಮೈಮೇಲೆ ಆ ಕಂದು ಜಾಕೆಟ್ಟು. ಈಗ ಅದರ ತೋಳು ಹಪ್ಪಳದಂತೆ ಬಿರುಕುಬಿಟ್ಟಿತ್ತು, ಭುಜ ಸವೆದಿತ್ತು. ಬೆನ್ನು ಮಾತ್ರ ಗಟ್ಟಿ. ಬುಗುರಿ ತೊಟ್ಟು ನೋಡಿದಳು. ಅಕ್ಕ ಗಿಡ್ಡ, ಮಗಳು ಅಪ್ಪನ ಹಾಗೆ ಉದ್ದ. ಹೊಕ್ಕುಳಕ್ಕೂ ಬರಲಿಲ್ಲ. ಅವಳ ಬೆರಳ ಗಂಟುಗಳು ಗಾಳಿಗೆ ಒಡೆದು ಕೆಂಪಾಗಿದ್ದುದನ್ನು ನೋಡಿ ಚಿಕ್ಕಿ, ಇದರಲ್ಲಿ ಒಂದು ಜೊತೆ ಕೈಗವಸು ಮಾಡಿಕೊಡುತ್ತೇನೆ ಅಂದಳು.

ಬುಗುರಿ ಜಾಕೆಟ್ಟನ್ನು ಕೊಡಲಿಲ್ಲ. ಎದೆಗೆ ಒತ್ತಿಕೊಂಡು ನಿಂತಳು.

'ಇಷ್ಟೇ ಇರೋದು' ಅಂದಳು. 'ನಿಂಗದು ಬರೀ ಚರ್ಮ. ಅಮ್ಮ ಹೋದ ಮರುದಿನಾನೇ ಯಾರದೋ ಪ್ಯಾಂಟು ಹೊಲೀತಾ ಕೂತಿದ್ದವಳು ನೀನು.'

ಹುಡುಗಿ ಕೊನೆಗೆ ಜಾಕೆಟ್ಟನ್ನು ಅವಳ ತೊಡೆಯ ಮೇಲೆ ಇಟ್ಟು, ಹಾಳು ಮಾಡಿದರೆ ನನ್ನನ್ನು ಮಾತಾಡಿಸಬೇಡ ಎಂದು ಹೇಳಿ ಹೋದಳು. ಸಿಟ್ಟಿನಲ್ಲಿ ಹೇಳಿದ್ದರೆ ಚಿಕ್ಕಿ ತಳ್ಳಿಹಾಕುತ್ತಿದ್ದಳೇನೋ. ಬುಗುರಿ ತಣ್ಣಗೆ ಹೇಳಿದ್ದಳು.

ಚಿಕ್ಕಿ ಹೊಲಿಗೆ ಬಿಚ್ಚಿದಳು. ಒಳಗಿನ ಅಸ್ತರು ಬೇರೆ ಮಾಡಿದಳು. ಬುಗುರಿಯ ಕೈಯನ್ನು ಕಾಗದದ ಮೇಲೆ ಇಡಿಸಿಕೊಂಡು ಗೆರೆ ಎಳೆದಳು. ಮೊದಲು ಹಳೆ ಬಟ್ಟೆಯಲ್ಲಿ ಹೊಲಿದು ನೋಡಿದಳು, ಬೆರಳಿನ ಉದ್ದ ತಿದ್ದಿ ಇನ್ನೊಮ್ಮೆ ಹೊಲಿದಳು, ಆಮೇಲೆ ರಟ್ಟಿನಲ್ಲಿ ಅಚ್ಚು ಕತ್ತರಿಸಿದಳು. ಅಷ್ಟು ಜೋಪಾನ. ಶನಿವಾರ ಕೂಟದ ಮೇಜಿನ ಮೇಲೆ ಬೆನ್ನಿನ ತುಂಡನ್ನು ಹರಡಿ, ಅಚ್ಚಿಟ್ಟು ಗುರುತು ಹಾಕಿ ಕತ್ತರಿಸಿದಳು. ಅಚ್ಚನ್ನು ಪಕ್ಕಕ್ಕೆ ಸರಿಸಿ ಮತ್ತೆ ಗುರುತು ಹಾಕಿ ಕತ್ತರಿಸಿದಳು. ಹೆಬ್ಬೆರಳಿನ ತುಂಡುಗಳನ್ನೂ ಹಾಗೇ. ಎದುರು ಕೂತ ಡ್ರೈವರಣ್ಣ ಬೀಗರ ಬೆಲ್ಟು ಈಗ ಅವರಿಗೇ ಸಾಲದಾಗಿರುವ ಕತೆ ಹೇಳುತ್ತಿದ್ದರು, ಅವಳು ಹೂಂಗುಡುತ್ತಿದ್ದಳು. ಕೈ ತನ್ನ ಪಾಡಿಗೆ ನಡೆಯಿತು. ಹೋದ ಚಳಿಗಾಲದಿಂದ ಅದು ನಡೆದದ್ದೇ ಹಾಗೆ.

ಮುಂದಿನ ಶನಿವಾರದ ಹೊತ್ತಿಗೆ ಎಡಗೈಯ ಗವಸು ಮುಗಿದಿತ್ತು. ಸಣ್ಣ ಹೊಲಿಗೆ, ಎಲ್ಲೂ ಸುಕ್ಕಿಲ್ಲ. ಡಾಕ್ಟರಮ್ಮ ಅದನ್ನು ಎಲ್ಲರ ಕೈಗೂ ಕೊಟ್ಟು ತೋರಿಸಿದರು. ಚಿಕ್ಕಿ ಎರಡನೆಯ ತುಂಡನ್ನು ತೆಗೆದುಕೊಂಡು ಬಲ ಮುಂಗೈ ಮೇಲೆ ಹೊದಿಸಿ ನೋಡಿದಳು. ಹೆಬ್ಬೆರಳಿನ ತೂತು ಅಂಗೈ ಕಡೆ ಬರಬೇಕಾದದ್ದು ಮುಂಗೈಯ ಮೇಲೆ ಬಂತು. ತಿರುಗಿಸಿದಳು. ಸರಿಹೋಗಲಿಲ್ಲ. ಎಡಗೈ ಮೇಲೆ ಇಟ್ಟಳು. ಹೇಳಿ ಮಾಡಿಸಿದಂತೆ ಕೂತಿತು.

ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಅವಳು ತುಂಡನ್ನು ಮೇಜಿನ ಮೇಲಿಟ್ಟು, 'ಎರಡೂ ಎಡಗೈ' ಅಂದಳು, ಗಡಿಯಾರ ನಿಂತಿದೆ ಎಂದು ಹೇಳುವ ದನಿಯಲ್ಲಿ. ವರ್ಷಗಟ್ಟಲೆ ಬಟ್ಟೆ ಕತ್ತರಿಸಿದ ಕೈಗೆ ಅಚ್ಚು ಮಗುಚುವ ಅಭ್ಯಾಸವೇ ಇರಲಿಲ್ಲ. ಬಟ್ಟೆಯಾಗಿದ್ದರೆ ಮಡಿಕೆಯೇ ಅದನ್ನು ನೋಡಿಕೊಳ್ಳುತ್ತಿತ್ತು. ಉಳಿದ ಚೂರುಗಳನ್ನೆಲ್ಲ ಹರಡಿ ನೋಡಿದರು. ಅಂಗೈಯಗಲದ ಗಟ್ಟಿ ಜಾಗ ಎಲ್ಲೂ ಇರಲಿಲ್ಲ.

ಡಾಕ್ಟರಮ್ಮ ಎದ್ದುಹೋಗಿ ತಮ್ಮ ಪೆಟ್ಟಿಗೆಯಿಂದ ಒಂದು ಕಂದು ತುಂಡು ತಂದರು. ಪಕ್ಕದಲ್ಲಿಟ್ಟರೆ ಬಣ್ಣ, ದಪ್ಪ, ಮೆದು ಎಲ್ಲ ಒಂದೇ. ತೆಗೆದುಕೋ, ಬಲಗೈ ಇದರಲ್ಲಿ ಮಾಡು, ದೇವರಿಗೂ ಗೊತ್ತಾಗುವುದಿಲ್ಲ ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ತುಂಡು ಯಾಕೆ ಅಷ್ಟು ಮುಖ್ಯ ಎಂದು ಚಿಕ್ಕಿ ಯಾರಿಗೂ ಹೇಳಿರಲಿಲ್ಲ.

ಚಿಕ್ಕಿ ಆ ತುಂಡನ್ನು ಕೈಯಲ್ಲಿ ಹಿಡಿದು ಕೂತಳು. ಬುಗುರಿಗೆ ಗೊತ್ತಾಗುವುದಿಲ್ಲ, ನಿಜ. ಒಂದು ಕೈಗೆ ಅಮ್ಮ, ಇನ್ನೊಂದು ಕೈಗೆ ಯಾರೋ. ಹುಡುಗಿ ಎರಡನ್ನೂ ಅಮ್ಮ ಎಂದೇ ತೊಟ್ಟು ಗಾಡಿ ಓಡಿಸುತ್ತಾಳೆ. ಹೀಗೆ ಮಾಡಿದರೆ ತಪ್ಪೆನಿಸುತ್ತದೆಯೇ ಎಂದು ಒಳಗೆ ತಡಕಿದಳು. ಅಲ್ಲಿ ತಪ್ಪೂ ಸಿಗಲಿಲ್ಲ, ಸಮಾಧಾನವೂ ಸಿಗಲಿಲ್ಲ.

ಅಷ್ಟರಲ್ಲಿ ಡ್ರೈವರಣ್ಣ ಮುಗಿದ ಗವಸನ್ನು ಎತ್ತಿಕೊಂಡಿದ್ದರು. ಎಲ್ಲರ ಮುಖ ಬಾಡಿದರೆ ಅವರಿಗೆ ತಡೆಯುತ್ತಿರಲಿಲ್ಲ. ಪೆನ್ಸಿಲ್ಲಿನ ಹಿಂತುದಿಯಿಂದ ಒಂದೊಂದೇ ಬೆರಳನ್ನು ಒಳಗಿನಿಂದ ಹೊರಕ್ಕೆ ತಳ್ಳಿ, ಕಾಲುಚೀಲದಂತೆ ಅದನ್ನು ಪೂರ್ತಿ ತಿರುವಿದರು. 'ಬಲಗೈ ಕೊಡು ತಾಯಿ' ಅಂದರು. 'ರಿವರ್ಸ್ ಗೇರ್ ಇಲ್ದಿರೋ ಗಾಡಿ ನಾನಂತೂ ನೋಡಿಲ್ಲ.'

ಗವಸು ಅವಳ ಬಲಗೈಗೆ ಕೂತಿತು. ಹೆಬ್ಬೆರಳು ಹೆಬ್ಬೆರಳಿನ ಜಾಗದಲ್ಲೇ ಇತ್ತು.

ಡಾಕ್ಟರಮ್ಮ ಮೂಗು ಮುರಿದರು. ಆಗುತ್ತದೆ, ಆದರೆ ಒಂದು ನುಣುಪು, ಒಂದು ಒರಟು, ಜೋಡಿ ತಪ್ಪಿದ ಚಪ್ಪಲಿಯಂತೆ ಕಾಣುತ್ತದೆ, ಕೊಡುವ ವಸ್ತು ಅಂದವಾಗಿರಬೇಕಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಚಿಕ್ಕಿ ಗವಸು ಕಳಚಿಟ್ಟು, ಹೊಲಿಯದೆ ಉಳಿದ ಎರಡನೆಯ ತುಂಡನ್ನು ಮಗುಚಿದಳು. ಒರಟು ಮುಖದ ಮೇಲೆ, ನಡುವಿಗೆ, ಉದ್ದಕ್ಕೆ ಒಂದು ಕಪ್ಪು ಪಟ್ಟೆ ಇತ್ತು. ಅಸ್ತರು ಬಿಚ್ಚಿದಾಗ ಕೊಳೆ ಎಂದುಕೊಂಡಿದ್ದಳು. ಈಗ ಬೆರಳಿಟ್ಟು ನೋಡಿದರೆ ಅದು ಬೆನ್ನಹುರಿಯ ಗೆರೆ. ಎಷ್ಟೋ ಬೇಸಿಗೆಗಳಲ್ಲಿ ಅಕ್ಕನ ಬೆವರು ಅಸ್ತರನ್ನು ದಾಟಿ ಇಳಿದ ಜಾಗ.

ಡಾಕ್ಟರಮ್ಮನ ತುಂಡನ್ನು ಅವಳು ವಾಪಸ್ ಕೊಟ್ಟಳು. ಥ್ಯಾಂಕ್ಸ್ ಡಾಕ್ಟ್ರೇ, ಇದನ್ನೇ ಮಗುಚಿ ಹೊಲಿಯುತ್ತೇನೆ ಅಂದಳು. ಯಾಕೆಂದು ಅವರು ಕೇಳಲಿಲ್ಲ. ದಾರಕ್ಕೆ ಮೇಣ ಹಚ್ಚಿಕೊಟ್ಟರು.

ಬುಗುರಿಗೆ ಫೋನು ಮಾಡಿದ್ದಕ್ಕೆ, ಆ ರಸ್ತೆಯಲ್ಲಿ ಪಾರ್ಸೆಲ್ ಇದ್ದ ದಿನ ಬರುತ್ತೇನೆ ಅಂದಳು. ಬಂದಾಗ ಹೆಲ್ಮೆಟ್ ತೆಗೆಯಲಿಲ್ಲ. ಅಂಗಡಿಯ ಕಟ್ಟೆಯ ಆಚೆಗೇ ನಿಂತಳು. ಚಿಕ್ಕಿ ಎರಡೂ ಗವಸನ್ನು ಅಕ್ಕಪಕ್ಕ ಇಟ್ಟಳು. ಹುಡುಗಿ ನೋಡಿದಳು, ಬಲಗೈಯದನ್ನು ಎತ್ತಿ ತಿರುಗಿಸಿದಳು.

'ಇದೇನಿದು, ಉಲ್ಟಾ ಹೊಲ್ದಿದೀಯ?'

ಚೆಂದಕ್ಕೆ ಹಾಗೆ ಮಾಡಿದೆ ಅನ್ನಬಹುದಿತ್ತು. ಈಗಿನವರು ಏನೇನೋ ತೊಡುತ್ತಾರೆ, ನಂಬುತ್ತಿದ್ದಳು. ಚಿಕ್ಕಿ ಬಾಯಲ್ಲಿದ್ದ ಗುಂಡುಪಿನ್ನನ್ನು ತೆಗೆದಿಟ್ಟಳು.

'ತಪ್ಪಾಗಿ ಕತ್ತರಿಸ್ದೆ. ಎರಡೂ ಎಡಗೈ ಆಗೋಯ್ತು. ಬೇರೆ ಚರ್ಮ ಸಿಕ್ತಿತ್ತು, ಅದು ಅವಳದ್ದಲ್ಲ. ಅದಕ್ಕೆ ಒಳಗಿಂದು ಹೊರಗೆ ಹಾಕ್ದೆ.'

ಹುಡುಗಿ ಈಗ ಹೆಲ್ಮೆಟ್ ತೆಗೆದಳು. ಕೂದಲು ತಲೆಗೆ ಅಂಟಿತ್ತು.

'ನೀನು? ತಪ್ಪಾಗಿ ಕತ್ತರಿಸಿದ್ಯಾ?'

'ಹೂಂ.'

'ನಿನ್ನ ಕತ್ತರಿ ತಪ್ಪಿದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ ಚಿಕ್ಕಿ.'

ಹೊರಗೆ ಯಾರದೋ ಗಾಡಿ ಬುಗುರಿಯ ಸ್ಕೂಟರ್ ಹಿಂದೆ ನಿಂತು ಹಾರ್ನ್ ಮಾಡಿತು. ಹುಡುಗಿ ಕದಲಲಿಲ್ಲ. ಗವಸಿನ ಕಪ್ಪು ಪಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಕೊನೆಗೆ ತಲೆಯೆತ್ತದೆಯೇ ಕೇಳಿದಳು.

'ಆವತ್ತು ಹೊಲೀತಿದ್ಯಲ್ಲ ಪ್ಯಾಂಟು. ಯಾರದದು?'

ಚಿಕ್ಕಿ ಯೋಚಿಸಿದಳು. ಯಾವ ಗಿರಾಕಿಯ ಯಾವ ಅಳತೆಯೂ ಅವಳಿಗೆ ಮರೆತದ್ದಿಲ್ಲ. ಆ ದಿನ ಬಾಗಿಲು ತೆಗೆದದ್ದು ನೆನಪಿತ್ತು, ಮಿಷನ್ನಿನ ಸದ್ದು ನೆನಪಿತ್ತು. ಬಟ್ಟೆಯ ಬಣ್ಣ ಕೂಡ ನೆನಪಿಗೆ ಬರಲಿಲ್ಲ.

'ಗೊತ್ತಿಲ್ಲ ಮಗಾ' ಅಂದಳು. 'ನೀನು ಹೇಳಿದ್ಮೇಲೇನೇ ಹೊಲೀತಿದ್ದೆ ಅಂತ ಗೊತ್ತಾಗಿದ್ದು.'

ಬುಗುರಿ ಗವಸು ತೊಟ್ಟಳು. ಎಡಗೈ ಮೊದಲು, ಆಮೇಲೆ ಬಲಗೈ. ಮುಷ್ಟಿ ಕಟ್ಟಿ ಬಿಟ್ಟಳು. ಎಡಗೈಯದರ ಹೊಲಿಗೆಯನ್ನು ಹೊಗಳಲಿಲ್ಲ. ಬಲಗೈಯ ಒರಟು ಬೆನ್ನಿನಿಂದ ಮೂಗು ಒರೆಸಿಕೊಂಡು, ಇನ್ನೊಮ್ಮೆ ಒರೆಸಿಕೊಂಡು, 'ಮೂಗಿಗೆ ಇದೇ ವಾಸಿ' ಅಂದಳು. ಗಲ್ಲವನ್ನೂ ಅದರಿಂದಲೇ ಒರೆಸಿಕೊಂಡಳು. ಚಿಕ್ಕಿ ನೋಡುತ್ತಾ ನಿಂತಳು. ತನ್ನ ಕಣ್ಣು ಒಣಗಿಯೇ ಇತ್ತು. ಈ ಸಲ ಹುಡುಗಿ ಅದನ್ನು ನೋಡಿಯೂ ಮುಖ ತಿರುಗಿಸಲಿಲ್ಲ.

ಭಾನುವಾರ ಊಟಕ್ಕೆ ಮನೆಗೆ ಬರ್ತೀಯಾ ಎಂದು ಕೇಳಿದಳು. ಅಪ್ಪ ಮಾಡುವ ಅಡುಗೆಗೆ ಉಪ್ಪು ಇದ್ದರೆ ಹುಳಿ ಇರುವುದಿಲ್ಲ ಎಂದೂ ಸೇರಿಸಿದಳು. ಚಿಕ್ಕಿ ಬರುತ್ತೇನೆ ಅಂದಳು. ಹಿಂದಿನ ಗಾಡಿಯವನು ಮತ್ತೆ ಹಾರ್ನ್ ಒತ್ತಿದ. ಬುಗುರಿ ಬಾಗಿಲಿನಿಂದಲೇ ಅವನಿಗೆ ಒರಟು ಕೈಯೆತ್ತಿ ತಾಳು ಎಂದು ಸನ್ನೆ ಮಾಡಿ, ಹೆಲ್ಮೆಟ್ ಹಾಕಿಕೊಂಡು ಹೊರಟಳು.

ಚಿಕ್ಕಿ ಮಿಷನ್ನಿಗೆ ಹಿಂದಿರುಗಿದಳು. ಕಾಲು ಮೋಟು ಮಾಡಬೇಕಾದ ಪ್ಯಾಂಟೊಂದು ಕಾಯುತ್ತಿತ್ತು. ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಬೂದು ಬಣ್ಣದ್ದು, ಮೂಲೆಯ ಔಷಧಿ ಅಂಗಡಿಯವನದು. ಎಡಗಾಲು, ಬಲಗಾಲು ಎಂದು ಬಾಯಿಬಿಟ್ಟು ಹೇಳಿಕೊಂಡು ಸೂಜಿಯ ಕೆಳಗೆ ಇಟ್ಟಳು.