ಊಟಿಗೆ ಎರಡು ದಾರಿ

"ಅಣ್ಣ, ಅಮ್ಮ, ಬಿಂದು, ನಾನು," ಮಂಜೇಶ್ ಬೆರಳು ಮಡಿಚಿ ಎಣಿಸಿದ. "ನಾಲ್ಕೇ ಜನ. ಚಿಕ್ಕ ಕಾರು ಸಾಕು."

ಆಗಸ್ಟ್ ತಿಂಗಳ ಭಾನುವಾರ, ಮಧ್ಯಾಹ್ನದ ಊಟದ ಹೊತ್ತು. ಆಯುಧಪೂಜೆ ಆದ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿರುವ ನಾಲ್ಕು ಮಗ್ಗಗಳೂ ಮೂರು ದಿನ ನಿಲ್ಲುತ್ತವೆ. ದಾಬಸ್‌ಪೇಟೆಯಲ್ಲಿ ಮಂಜೇಶನ ಕಾರ್ಖಾನೆಗೂ ರಜೆ. ಆ ಮೂರು ದಿನದಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು, ತಾನೇ ಓಡಿಸಿಕೊಂಡು, ಎಲ್ಲರನ್ನೂ ಊಟಿಗೆ ಕರೆದುಕೊಂಡು ಹೋಗಬೇಕೆಂಬುದು ಅವನ ಆಸೆ.

ಮುದ್ದೆ ಬಡಿಸುತ್ತಿದ್ದ ರಮ್ಯಳ ಕೈ ಒಂದು ಕ್ಷಣ ನಿಂತಿತು. ಎಣಿಕೆಯಲ್ಲಿ ಅವಳಿರಲಿಲ್ಲ. ಮೈದುನನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಅವಳಿಗೆ ಗೊತ್ತು. ಹದಿನೈದು ವರ್ಷಗಳಿಂದ ಈ ಮನೆಯಲ್ಲಿ ಎಲ್ಲಿಗೆ ಹೊರಟರೂ ಎಣಿಕೆ ಹೀಗೇ. ಮದುವೆಯ ದಿನ ದೊಡ್ಡಬೆಳವಂಗಲದಿಂದ ದೊಡ್ಡಬಳ್ಳಾಪುರಕ್ಕೆ ಬರುವ ಅಷ್ಟೇ ಅಷ್ಟು ದಾರಿಯಲ್ಲಿ ಅವಳು ವ್ಯಾನಿನೊಳಗೆ ಮೂರು ಸಲ ವಾಂತಿ ಮಾಡಿಕೊಂಡಿದ್ದಳು. ಬೈಕಿನಲ್ಲಿ ಏನೂ ಆಗುತ್ತಿರಲಿಲ್ಲ. ಕಾರು, ಬಸ್ಸು, ವ್ಯಾನುಗಳಲ್ಲಿ ಬಾಗಿಲು ಹಾಕಿದ ಕೂಡಲೇ ಬಾಯಲ್ಲಿ ನೀರೂರುತ್ತಿತ್ತು. ನಿಂಬೆಹಣ್ಣು, ಶುಂಠಿ, ಮಾತ್ರೆ ಎಲ್ಲ ಆಗಿತ್ತು. ಕೊನೆಗೆ ಅವಳೇ ನಾದಿನಿಯ ಮದುವೆಗೂ ಹೋಗದೆ ಮನೆ ಕಾಯುವವಳಾದಳು.

ಹೋದ ವರ್ಷ ಒಂದೇ ಒಂದು ಸಲ ಆ ನಿಯಮ ಮುರಿದಿದ್ದಳು. ಮಗಳು ಬಿಂದುಶ್ರೀಯ ಖೋ ಖೋ ಪಂದ್ಯ ದೇವನಹಳ್ಳಿಯಲ್ಲಿತ್ತು. ಶಾಲೆಯ ವ್ಯಾನಿನಲ್ಲಿ ಹೋದಳು. ಅರ್ಧ ದಾರಿಗೆ ಕವರು ಬಾಯಿಗೆ ಹಿಡಿದಳು. ಹದಿಮೂರು ವರ್ಷದ ಬಿಂದು ಎದ್ದು ಹಿಂದಿನ ಸೀಟಿಗೆ ಹೋಗಿ, ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮನೆಗೆ ಬಂದ ಮೇಲೂ ತಾಯಿ, ಮಗಳು ಅದರ ಬಗ್ಗೆ ಮಾತಾಡಲಿಲ್ಲ.

"ಐದು ಜನ," ಎಂದಳು ರಮ್ಯ.

ಎಲ್ಲರೂ ತಟ್ಟೆಯಿಂದ ತಲೆಯೆತ್ತಿದರು.

"ಅತ್ತಿಗೆ, ಬಂಡೀಪುರ ದಾಟಿದ್ಮೇಲೆ ಬರೀ ತಿರುವು," ಮಂಜೇಶ್ ಮೆತ್ತಗೆ ಹೇಳಿದ. "ನಿಮ್ಗೆ ನೆಲಮಂಗಲಕ್ಕೆ ಹೋಗೋದೇ ಕಷ್ಟ."

"ಕಾರಲ್ಲಿ ಬರ್ತೀನಿ ಅಂದ್ನಾ ನಾನು? ರೈಲಲ್ಲಿ ಬರ್ತೀನಿ, ಅಲ್ಲಿ ಬಾಗ್ಲು ಮುಚ್ಚಿ ಕೂರ್ಸಲ್ಲ. ಮೆಟ್ಟುಪಾಳ್ಯದಿಂದ ಬೆಟ್ಟ ಹತ್ತೋ ರೈಲು ಐತಲ್ಲ, ಅದ್ರಲ್ಲಿ."

ಗಂಡ ಕೆಂಪರಾಜು ನಕ್ಕುಬಿಟ್ಟ. "ಯಾರ್ ಜೊತೆ ಹೋಗ್ತೀಯ?"

"ಒಬ್ಳೇ."

"ಬೆಂಗಳೂರಿಗೇ ಒಬ್ಳೇ ಹೋದೋಳಲ್ಲ ನೀನು."

"ಹೋಗ್ಲಿಲ್ಲ ಅಂತ ಹೋಗಕ್ಕೆ ಬರಲ್ಲ ಅಂತೇನಿಲ್ವಲ್ಲ," ಎಂದು ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಅವಳು ಯಾರನ್ನೂ ಕೇಳುತ್ತಾ ಕೂರಲಿಲ್ಲ. ನೂಲು ಸುತ್ತುವ ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ ಫೋನಿನಲ್ಲಿ ಎಲ್ಲ ಹುಡುಕಿದಳು. ದೊಡ್ಡಬಳ್ಳಾಪುರದಿಂದ ಬೆಂಗಳೂರು, ಬೆಂಗಳೂರಿನಿಂದ ಕೊಯಮತ್ತೂರು, ಅಲ್ಲಿಂದ ಮೆಟ್ಟುಪಾಳ್ಯ, ಕೊನೆಗೆ ಬೆಟ್ಟದ ರೈಲು. ನಾಲ್ಕು ರೈಲುಗಳ ಹೊತ್ತನ್ನೂ ಬಿಂದುವಿನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಟಿಕೆಟ್ ಸಿಗುವುದು ಅರವತ್ತು ದಿನ ಮೊದಲು ಎಂದು ತಿಳಿದಾಗ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದಳು.

ಆ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಅತ್ತೆ ಲಕ್ಕಮ್ಮ ಜಗುಲಿಯಿಂದ ಕೂಗಿದರು.

"ಎರಡು ತಗಳಮ್ಮಿ."

"ಯಾಕತ್ತೆ?"

"ಕಾರಲ್ಲಿ ಎಂಟು ಗಂಟೆ ಮಂಡಿ ಮಡಿಸ್ಕಂಡು ಕೂತ್ಕಳಕ್ಕೆ ನನ್ ಕೈಲಾಗಕಿಲ್ಲ. ರೈಲಲ್ಲಾದ್ರೆ ಎದ್ದು ಓಡಾಡ್ಬೋದು."

ಅದು ನಿಜವಾದ ಕಾರಣವೋ ಅಲ್ಲವೋ ರಮ್ಯ ಕೇಳಲಿಲ್ಲ. ಸ್ಟೇಷನ್ನಿನ ಕೌಂಟರ್ ತೆರೆಯುವುದಕ್ಕೆ ಒಂದು ಗಂಟೆ ಮೊದಲೇ ಸಾಲಿನಲ್ಲಿ ಮೊದಲನೆಯವಳಾಗಿ ನಿಂತಳು. ಎರಡು ಸೀಟು ಸಿಕ್ಕವು.

ಹೊರಡುವ ದಿನ ಹತ್ತಿರವಾದಂತೆ ಮನೆಯಲ್ಲಿ ಎಲ್ಲರೂ ಅವಳ ಮನಸ್ಸು ಬದಲಿಸಲು ನೋಡಿದರು. ಆ ಕಡೆ ಮಳೆ ಜಾಸ್ತಿಯಿದೆ ಎಂದು ಕೆಂಪರಾಜು ಮುಖ ಗಂಟಿಕ್ಕಿದ. ಮಂಜೇಶ್ ಔಷಧಿ ಅಂಗಡಿಯಿಂದ ಒಂದು ಪಟ್ಟಿ ಮಾತ್ರೆ ತಂದ.

"ಇದನ್ನ ನುಂಗಿ ಮಲಗ್ಬಿಡಿ ಅತ್ತಿಗೆ. ಊಟೀಲಿ ಎಬ್ಬಿಸ್ತೀವಿ."

"ಮಲಗಕ್ಕೆ ಊಟಿವರೆಗೂ ಯಾಕ್ ಬರ್ಬೇಕು? ನಮ್ಮನೇಲೇ ಮಲಗ್ತೀನಿ," ಎಂದಳು ರಮ್ಯ. ಮಂಜೇಶನಿಗೂ ನಗು ಬಂತು.

ಪೂಜೆಯ ದಿನ ಮಗ್ಗಗಳಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಸಂಜೆಯ ರೈಲಿಗೆ ಅತ್ತೆ ಸೊಸೆ ಹೊರಟರು. ಕಾರಿನವರು ಮಾರನೆಯ ದಿನ ನಸುಕಿಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ಊಟಿಯಲ್ಲಿ ಸೇರುವುದೆಂದು ಮಾತಾಗಿತ್ತು. ಬೆಂಗಳೂರಿನ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಹುಡುಕುವಾಗ ರಮ್ಯ ಒಮ್ಮೆ ತಪ್ಪು ಮೆಟ್ಟಿಲು ಹತ್ತಿ ಇಳಿದಳು. ಆದರೂ ಲಕ್ಕಮ್ಮನ ಕೈ ಬಿಡದೆ, ಇಬ್ಬರನ್ನು ಕೇಳಿ, ಸರಿಯಾದ ಬೋಗಿಯನ್ನೇ ಹತ್ತಿದಳು.

ಬೆಳಿಗ್ಗೆ ಏಳಕ್ಕೆ ಮೆಟ್ಟುಪಾಳ್ಯದಿಂದ ಬೆಟ್ಟದ ರೈಲು ಹೊರಟಿತು. ಪುಟ್ಟ ನೀಲಿ ಬೋಗಿಗಳು, ಹಿಂದಿನಿಂದ ನೂಕುವ ಉಗಿ ಇಂಜಿನ್ನು. ಕಿಟಕಿಯ ಸೀಟು ರಮ್ಯಳದು. ಅಡಿಕೆ ತೋಟಗಳು ಮುಗಿದು ಏರು ಶುರುವಾಯಿತು. ಕಾಲಕೆಳಗೆ ಕಣಿವೆ ಬಾಯ್ತೆರೆಯಿತು, ಎದುರಿನ ಬಂಡೆಯಿಂದ ನೀರು ನೂಲಿನ ಎಳೆಗಳ ಹಾಗೆ ಇಳಿಯುತ್ತಿತ್ತು. ಅವಳಿಗೆ ಹೊಟ್ಟೆಯ ನೆನಪೇ ಬರಲಿಲ್ಲ. ಪ್ರಯಾಣವೆಂದರೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂರುವುದು ಎಂದುಕೊಂಡಿದ್ದವಳಿಗೆ ದಾರಿಯನ್ನು ನೋಡುವುದೆಂದರೇನು ಎಂದು ಮೂವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

"ನಗ್ತಾ ಇದೀಯಲ್ಲೇ," ಎಂದರು ಲಕ್ಕಮ್ಮ.

"ನಂಗೇ ಗೊತ್ತಾಗ್ಲಿಲ್ಲ ಅತ್ತೆ."

ಗಂಟೆ ಕಳೆಯುವಷ್ಟರಲ್ಲಿ ರೈಲು ಕಾಡಿನ ನಡುವಿನ ಸಣ್ಣ ಸ್ಟೇಷನ್ನಿನಲ್ಲಿ ನಿಂತಿತು. ನೀರು ತುಂಬಿಸಲು ಇರಬೇಕೆಂದುಕೊಂಡರು. ಅರ್ಧ ಗಂಟೆಯಾಯಿತು. ಹಳದಿ ಕೋಟು ಹಾಕಿದ ಒಬ್ಬ ನೌಕರ ಬೋಗಿಯಿಂದ ಬೋಗಿಗೆ ತಮಿಳಿನಲ್ಲಿ ಹೇಳುತ್ತಾ ಬಂದ. ರಾತ್ರಿ ಮಳೆಗೆ ಮುಂದೆ ಹಳಿಯ ಮೇಲೆ ಮಣ್ಣು ಕುಸಿದಿದೆ, ತೆಗೆಯಲು ಎರಡು ದಿನ ಬೇಕು, ರೈಲು ಕೆಳಕ್ಕೆ ವಾಪಸ್ಸು ಹೋಗುತ್ತದೆ, ಟಿಕೆಟ್ಟಿನ ಹಣ ಕೊಡುತ್ತಾರೆ ಎಂದು ಪಕ್ಕದಲ್ಲಿದ್ದ ಹೊಸೂರಿನ ಹೆಂಗಸು ಕನ್ನಡದಲ್ಲಿ ಬಿಡಿಸಿ ಹೇಳಿದಳು.

ರೈಲು ಬೆಟ್ಟ ಇಳಿಯುವಾಗ ರಮ್ಯ ಕಿಟಕಿಯ ಕಡೆ ನೋಡಲಿಲ್ಲ.

ಮೆಟ್ಟುಪಾಳ್ಯದ ಪ್ಲಾಟ್‌ಫಾರಮ್ಮಿನಲ್ಲಿ ಬ್ಯಾಗಿನ ಮೇಲೆ ಕೂತು ಗಂಡನಿಗೆ ಫೋನು ಮಾಡಿದಳು. ಕಾರು ಆಗ ಗುಂಡ್ಲುಪೇಟೆಯಲ್ಲಿತ್ತು.

"ನಾನು ಹೇಳ್ಲಿಲ್ವಾ?" ಎಂದ ಕೆಂಪರಾಜು. ಆಮೇಲೆ ದನಿ ತಗ್ಗಿಸಿ, "ಹೋಗ್ಲಿ ಬಿಡು. ಕೊಯಮತ್ತೂರಿಂದ ವಾಪಸ್ ರೈಲು ಇರುತ್ತೆ. ಮನೆಗೆ ಹೋಗ್ಬಿಡಿ. ಇನ್ನೊಂದ್ಸಲ ನೋಡಣ."

ಹಿಂದಿನಿಂದ ಬಿಂದುವಿನ ದನಿ ಕೇಳಿಸಿತು. "ಅಮ್ಮ ಬರಲ್ವಂತಾ?"

ಆ ಪ್ರಶ್ನೆಯಲ್ಲಿ ಬೇಸರವಿತ್ತೋ ಸಮಾಧಾನವಿತ್ತೋ ರಮ್ಯಳಿಗೆ ಗೊತ್ತಾಗಲಿಲ್ಲ. "ಬರ್ತೀನಿ ಅಂತ ಹೇಳಿ ಅವಳ್ಗೆ," ಎಂದು ಫೋನು ಇಟ್ಟಳು.

ಸ್ಟೇಷನ್ನಿನ ಹೊರಗೆ ಬಸ್‌ಸ್ಟ್ಯಾಂಡ್. ಊಟಿ ಬೋರ್ಡಿನ ಬಸ್ಸು ಹೊರಡಲು ನಿಂತಿತ್ತು.

"ಬಸ್ಸಾ?" ಲಕ್ಕಮ್ಮ ಸೊಸೆಯ ಮುಖ ನೋಡಿದರು. "ಬೆಟ್ಟ ಪೂರ್ತಿ ಸುತ್ತು ದಾರಿ ಕಣಮ್ಮಿ. ನಿಂಗಾಗುತ್ತಾ?"

"ಆಗಲ್ಲ ಅತ್ತೆ. ವಾಂತಿ ಆಗೇ ಆಗುತ್ತೆ." ರಮ್ಯ ಪಕ್ಕದ ಅಂಗಡಿಯಿಂದ ಹತ್ತು ಕವರು, ಒಂದು ಬಾಟಲಿ ನೀರು ಕೊಂಡಳು. "ಆಗ್ಲಿ. ವಾಂತಿ ಮಾಡ್ಕಂಡು ಯಾರೂ ಸತ್ತಿಲ್ಲ. ಇಷ್ಟು ವರ್ಷ ಅದಕ್ಕೆ ಹೆದರ್ಕಂಡು ಮನೇಲಿ ಕೂತಿದ್ದೇ ಸಾಕು."

ಡ್ರೈವರನ ಹಿಂದಿನ ಸೀಟು ಹಿಡಿದಳು. ಕಿಟಕಿ ಪೂರ್ತಿ ತೆರೆದಳು. ಈ ಸಲ ಕಣ್ಣು ಮುಚ್ಚುವುದಿಲ್ಲವೆಂದು ತೀರ್ಮಾನಿಸಿದ್ದಳು. ಮೊದಲ ನಾಲ್ಕು ತಿರುವು ಹೇಗೋ ಕಳೆದವು. ಐದನೆಯದರಲ್ಲಿ ಬಾಯಲ್ಲಿ ನೀರೂರಿತು. ಕವರು ತೆಗೆದಳು. ಹಿಂದಿನಿಂದ ಯಾರೋ ಥೂ ಎಂದರು, ಕಂಡಕ್ಟರ್ ಏನೋ ಗೊಣಗಿದ. ಲಕ್ಕಮ್ಮ ತಿರುಗಿ, ಅವರಿಗೆ ಅರ್ಥವಾಗುವುದೋ ಇಲ್ಲವೋ ಎಂದು ನೋಡದೆ, "ನಿಮ್ಮನೆ ಹೆಣ್ಮಕ್ಳು ಯಾರೂ ವಾಂತಿ ಮಾಡಲ್ವೇನ್ರಯ್ಯ?" ಎಂದು ದಬಾಯಿಸಿದರು.

ಆರು ಸಲ ಆಯಿತು. ಪ್ರತಿ ಸಲವೂ ರಮ್ಯ ಬಾಯಿ ಮುಕ್ಕಳಿಸಿ, ಕವರಿಗೆ ಗಂಟು ಹಾಕಿ, ಮತ್ತೆ ತಲೆಯೆತ್ತಿ ರಸ್ತೆ ನೋಡಿದಳು. ಕೂನೂರು ದಾಟಿದಾಗ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಚಹಾ ತೋಟಗಳ ಮೇಲೆ ಬಿಸಿಲು ಬಿದ್ದಿದ್ದನ್ನು ಮಾತ್ರ ಅವಳು ತಪ್ಪಿಸಿಕೊಳ್ಳಲಿಲ್ಲ.

ಊಟಿಯ ಬಸ್‌ಸ್ಟ್ಯಾಂಡಿನಲ್ಲಿ ಕಾರಿನವರು ಅರ್ಧ ಗಂಟೆ ಮೊದಲೇ ಬಂದು ಕಾಯುತ್ತಿದ್ದರು. ಬಸ್ಸಿನಿಂದ ಇಳಿದ ರಮ್ಯಳ ಮುಖ ಸುಣ್ಣದ ಹಾಗಿತ್ತು, ಸೀರೆಯ ಮೇಲೆ ಕಲೆ, ಕೈಯಲ್ಲಿ ಗಂಟು ಹಾಕಿದ ಕವರುಗಳು. ಅವಳು ನೆಟ್ಟಗೆ ಕಸದ ಡಬ್ಬಿಯ ಹತ್ತಿರ ಹೋಗಿ ಅವನ್ನು ಹಾಕಿ, ನಲ್ಲಿಯಲ್ಲಿ ಮುಖ ತೊಳೆದು, ಆಮೇಲೆ ಬಂದಳು.

ಕೆಂಪರಾಜು ತನ್ನ ಸ್ವೆಟರ್ ಬಿಚ್ಚಿ ಅವಳ ಹೆಗಲಿಗೆ ಹಾಕಿದ.

"ಎಷ್ಟು ಸಲ ಆಯ್ತು?" ಎಂದಳು ಬಿಂದು, ನೆಲ ನೋಡುತ್ತಾ.

"ಆರು."

"ಅಷ್ಟಾದ್ರೂ ಇಳೀಲಿಲ್ವಾ ನೀನು?"

"ಇಳಿದಿದ್ರೆ ಊಟಿ ಎಲ್ಲಿ ಸಿಗ್ತಿತ್ತು?"

ಬಿಂದು ತಾಯಿಯ ಬ್ಯಾಗನ್ನು ಕೈಯಿಂದ ತೆಗೆದುಕೊಂಡಳು. ಸ್ವಲ್ಪ ದೂರ ನಡೆದ ಮೇಲೆ, "ಅವತ್ತು ವ್ಯಾನಲ್ಲಿ ನಾನು ಹಿಂದೆ ಹೋಗಿ ಕೂತ್ಕೊಬಾರ್ದಿತ್ತು," ಎಂದಳು.

"ಹೂಂ, ಕೂತ್ಕೊಬಾರ್ದಿತ್ತು," ಎಂದಳು ರಮ್ಯ. ಪರವಾಗಿಲ್ಲ ಎಂದು ಹೇಳಬೇಕೆನಿಸಲಿಲ್ಲ. ಹೇಳದೆಯೂ ಮನಸ್ಸು ಹಗುರವಾಗಿತ್ತು.

ಮಾರನೆಯ ಬೆಳಿಗ್ಗೆ ದೊಡ್ಡಬೆಟ್ಟಕ್ಕೆ ಹೊರಟಾಗ, ಅತ್ತಿಗೆ ಲಾಡ್ಜಿನ ರೂಮಿನಲ್ಲೇ ಇರುತ್ತಾರೆಂದುಕೊಂಡು ಮಂಜೇಶ್ ಕಾರು ತಿರುಗಿಸುತ್ತಿದ್ದ. ರಮ್ಯ ಮುಂದಿನ ಬಾಗಿಲು ತೆಗೆದು ಕೂತಳು. ಎರಡು ಕವರು ಮಡಿಲಲ್ಲಿದ್ದವು.

"ಕಿಟಕಿ ಇಳಿಸು. ನಿಲ್ಸು ಅಂದ ಕಡೆ ನಿಲ್ಸು. ಅಷ್ಟೇ."

"ಸರಿ ಅತ್ತಿಗೆ," ಎಂದ ಮಂಜೇಶ್. ಹಿಂದೆ ಮುಂದೆ ನೋಡದೆ ಓಡಿಸುವವನು ಆ ದಿನ ತಿರುವುಗಳಲ್ಲಿ ಎತ್ತಿನ ಗಾಡಿಯ ಹಾಗೆ ನಿಧಾನ ಹೋದ. ಬೆಟ್ಟದ ತುದಿಗೆ ಎರಡು ಕಿಲೋಮೀಟರ್ ಇರುವಾಗ ಅವಳು ನಿಲ್ಲಿಸಲು ಹೇಳಿ ಇಳಿದಳು. ವಾಂತಿ ಬಂದಿರಲಿಲ್ಲ, ಬರುವುದರಲ್ಲಿತ್ತು. ಉಳಿದ ದಾರಿ ನಡೆದೇ ಬರುತ್ತೇನೆಂದಳು. ಕೆಂಪರಾಜು ಕೂಡ ಇಳಿದ. ದಂಪತಿ ಚಳಿಯಲ್ಲಿ ಉಸ್ಸೆನ್ನುತ್ತಾ, ಮೂರು ಕಡೆ ಕೂತು, ಮುಕ್ಕಾಲು ಗಂಟೆಯಲ್ಲಿ ಹತ್ತಿದರು.

ಮೇಲೆ ದಟ್ಟ ಮಂಜು. ಹತ್ತು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. "ಇದಕ್ಕೆ ಇಷ್ಟ್ ದೂರ ಬಂದ್ವಾ?" ಎಂದು ಬಿಂದು ಮುಖ ಸಿಂಡರಿಸಿದಳು. ಲಕ್ಕಮ್ಮ ಸುಟ್ಟ ಜೋಳ ತಿನ್ನುತ್ತಾ ಕಾರಿನಲ್ಲೇ ಕೂತಿದ್ದರು. ರಮ್ಯ ಮಾತ್ರ ಕಂಬಿ ಹಿಡಿದು ಬಿಳಿಯ ಮಂಜನ್ನೇ ನೋಡುತ್ತಾ ಬಹಳ ಹೊತ್ತು ನಿಂತಳು.

"ಏನ್ ಕಾಣ್ತಿದೆ ನಿಂಗೆ?" ಕೇಳಿದ ಕೆಂಪರಾಜು.

"ಏನೂ ಇಲ್ಲ ಕಣ್ರೀ. ಸುಮ್ನೆ ನಿಂತಿದೀನಿ." ಅವನ ಕಡೆ ತಿರುಗಿ ಅವಳು ಕೇಳಿದಳು: "ಬೇಸಿಗೇಲಿ ಮಳೆ ಇರಲ್ಲ, ಆ ರೈಲು ಓಡುತ್ತಲ್ಲ. ಅರ್ಧ ದಾರಿ ನೋಡಾಯ್ತು. ಇನ್ನರ್ಧ ನೋಡ್ಬೇಕು. ನೀವು ಬರ್ತೀರೋ, ಇಲ್ಲ ನಾನು ಅತ್ತೆ ಇಬ್ರೇ ಹೋಗ್ಬರ್ಬೇಕೋ?"

ಕೆಂಪರಾಜು ಕೈ ಉಜ್ಜಿಕೊಂಡ. "ಮೂರು ಟಿಕೆಟ್ ತಗೊ," ಎಂದ.