ಮೂರನೆಯ ಟ್ರಾಮು

ಕರ್ರ್ ಎಂದು ಸಲಿಕೆ ಕಾಂಕ್ರೀಟನ್ನು ಕೆರೆಯುವ ಸದ್ದು, ಮತ್ತೆ ಕರ್ರ್, ನಡುವೆ ಒಂದು ಉಸಿರಿನಷ್ಟು ಬಿಡುವು, ಆ ಬಿಡುವಿನಲ್ಲಿ ಯಶವಂತ್ ಸೊಂಟಕ್ಕೆ ಕೈಕೊಟ್ಟು ನಿಂತಿರುತ್ತಾನೆಂದು ಕಾತ್ಯಾಯಿನಿಗೆ ನೋಡದೆಯೇ ಗೊತ್ತು, ಆದರೂ ನೋಡುತ್ತಾಳೆ, ಅಡುಗೆಮನೆಯ ಕಿಟಕಿಯಿಂದ, ಅವಳು ಗಂಡನನ್ನು ಹೆಚ್ಚಾಗಿ ನೋಡಿರುವುದೇ ಕಿಟಕಿಯಿಂದ — ರಾತ್ರಿಯಿಡೀ ಸುರಿದ ಹಿಮ ಹರ್ನ್‌ಡನ್ನಿನ ಈ ಬೀದಿಯ ಕಾರುಗಳನ್ನೆಲ್ಲ ಈಗಷ್ಟೇ ತಟ್ಟೆಯಿಂದ ಬಿಡಿಸಿದ ಇಡ್ಲಿಗಳಂತೆ ಸಾಲಾಗಿ ಕೂರಿಸಿದೆ, ಏಳು ಇಂಚಂತೆ, ನಾಳೆ ಮಳೆಯಂತೆ, ಮಳೆ ಹೊಯ್ದರೆ ಎಲ್ಲ ರಾಡಿ, ಇರುವುದು ಇವತ್ತೊಂದು ದಿನ, ಅದೂ ಹನ್ನೊಂದು ಗಂಟೆಯವರೆಗೆ, ಹನ್ನೊಂದಕ್ಕೆ ಶ್ಯಾಂಟಿಲಿಯಿಂದ ಯಶವಂತ್‌ನ ಗೆಳೆಯ ಅಫ್ತಾಬ್ ಮತ್ತು ಅವನ ಹೆಂಡತಿ ತಾಹಿರಾ ಬರುತ್ತಾರೆ, ಗರಾಜಿನ ಗೋಡೆಗೆ ಒರಗಿರುವ ಎರಡು ಜೊತೆ ಸ್ಕೀಗಳನ್ನು ಕಾರಿಗೇರಿಸಿಕೊಂಡು ಹೋಗುತ್ತಾರೆ. ಮುಂದಿನ ತಿಂಗಳು ಈ ಮನೆ ಖಾಲಿ ಮಾಡಿ ದಕ್ಷಿಣದ ಜಾರ್ಜಿಯಾ ರಾಜ್ಯದ ಕಮ್ಮಿಂಗ್‌ಗೆ ಹೋಗುವುದು, ಅಲ್ಲಿ ಹಿಮವೆಲ್ಲಿ, ಇವನ್ನ್ಯಾಕೆ ಅಲ್ಲೀವರೆಗೂ ಹೊತ್ಕೊಂಡ್ ಹೋಗೋದು, ಅಫ್ತಾಬ್ ಕೇಳ್ತಿದ್ದ, ಕೊಟ್ಬಿಡೋಣ್ವಾ ಅಂತ ಯಶವಂತ್ ಮೊನ್ನೆ ಡಬ್ಬಕ್ಕೆ ಟೇಪು ಅಂಟಿಸುತ್ತ ಕೇಳಿದ್ದ, ಅವಳು ಹ್ಞೂಂ ಅಂದಿದ್ದಳು, ಹ್ಞೂಂ ಅಂದ ಬಾಯಿಂದಲೇ ಈಗ ಇನ್ನೊಂದು ಮಾತು ಹೊರಡಬೇಕು, ಯಶು, ಕೊಡೋ ಮುಂಚೆ ನಾವಿಬ್ರೂ ಒಂದ್ಸಲ ಹೋಗ್ಬರೋಣ್ವಾ, ಅಷ್ಟೇ, ಎರಡು ಬೀದಿ ದಾಟಿದರೆ ಹಳೇ ರೈಲಿನ ಹಳಿ ಕಿತ್ತು ಮಾಡಿದ ಕಾಲುದಾರಿ, ಮೈಲುಗಟ್ಟಲೆ ಚಪ್ಪಟೆ, ಇನ್ನೂ ಯಾರೂ ತುಳಿದಿರಲಿಕ್ಕಿಲ್ಲ, ಮಾತು ಹೊರಡದಿದ್ದರೂ ಅವನಿಗೆ ತಿಳಿಯಲಿ ಎಂದು ಬೆಳಿಗ್ಗೆ ಎದ್ದವಳೇ ತನ್ನ ಸ್ಕೀ ಬೂಟು ಹುಡುಕಿ ತೆಗೆದು ಹಾಕಿಕೊಂಡಿದ್ದಾಳೆ, ನೈಟಿಯ ಕೆಳಗೆ ಬೂಟು, ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗಲೂ ಬೂಟು, ಸೊಟ್ಟುಗ ತರಲು ನಾಲ್ಕು ಹೆಜ್ಜೆ ಇಟ್ಟರೆ ಟೈಲ್ಸಿನ ಮೇಲೆ ಟಕ್ ಟಕ್.

ಓಸ್ಲೋದಲ್ಲಿ ಇದ್ದದ್ದು ಎರಡು ಚಳಿಗಾಲ, ಕೊರೊನಾ ಕಾಲದ್ದೊಂದು, ಅದು ಮುಗಿಯುವಾಗಿನದೊಂದು, ಯಶವಂತ್‌ನ ಕಂಪನಿ ಕಳಿಸಿತ್ತು, ಟೊರ್ಸ್‌ಹೋವ್ ಎನ್ನುವ ಬಡಾವಣೆಯಲ್ಲಿ ಮೂರನೇ ಮಹಡಿಯ ಮನೆ, ಕಿಟಕಿಯ ಎದುರಿಗೇ ಟ್ರಾಮ್ ಸ್ಟಾಪು, ನೀಲಿ ಟ್ರಾಮು ಹತ್ತು ನಿಮಿಷಕ್ಕೊಂದು, ಭಾನುವಾರ ಬಂತೆಂದರೆ ಊರಿಗೆ ಊರೇ ಎದ್ದು ಕಾಡಿನ ಕಡೆ ಹೊರಡುತ್ತದೆ, ಎಪ್ಪತ್ತು ದಾಟಿದ ಅಜ್ಜಿಯರು ಹೆಗಲ ಮೇಲೆ ಸ್ಕೀ ಇಟ್ಟುಕೊಂಡು ತರಕಾರಿಗೆ ಹೊರಟವರ ಹಾಗೆ ಟ್ರಾಮು ಹತ್ತುತ್ತಾರೆ, ಕೂಸುಗಳನ್ನು ಪುಟ್ಟ ಜಾರುಬಂಡಿಯಲ್ಲಿ ಕಟ್ಟಿ ಸೊಂಟಕ್ಕೆ ಬಿಗಿದುಕೊಂಡ ಅಪ್ಪಂದಿರು, ಕೊನೇ ಸ್ಟಾಪಿನಲ್ಲಿ ಇಳಿದರೆ ಹೆಪ್ಪುಗಟ್ಟಿದ ಕೆರೆ, ಅದರಾಚೆ ಕಾಡು, ಕಾಡಿನೊಳಗೆ ಹಿಮದಲ್ಲಿ ಕೊರೆದ ಜೋಡುಗೆರೆಯ ದಾರಿ, ಹತ್ತು ಕಿಲೋಮೀಟರಿಗೆ ಒಂದು ಮರದ ಮನೆ, ಅಲ್ಲಿ ಏಲಕ್ಕಿ ಹಾಕಿದ ಬಿಸಿ ಬನ್ನು, ಏಲಕ್ಕಿ ಕಣೇ, ನಮ್ ಏಲಕ್ಕಿ, ಅಂತ ಯಶವಂತ್ ಮೂಗು ಕೆಂಪು ಮಾಡಿಕೊಂಡು ಬಂದು ಹೇಳುತ್ತಿದ್ದ, ಅವನ ಜೇಬಿನಲ್ಲಿ ಕಿತ್ತಳೆ ಸಿಪ್ಪೆ, ಹಿಮದ ಮೇಲೆ ಅಂಗೈ ದಪ್ಪದ ಸ್ಪಂಜು ಹಾಕಿ ಕೂತು ಎಲ್ಲರೂ ಕಿತ್ತಳೆ ತಿನ್ನುತ್ತಾರಂತೆ, ಸಿಪ್ಪೆಯನ್ನು ಮಾತ್ರ ಕಾಡಿನಲ್ಲಿ ಬಿಡುವ ಹಾಗಿಲ್ಲ, ಹೇಳು ಹೇಳು ಅನ್ನುತ್ತಿದ್ದಳು ಅವಳು, ದಿಂಬು ಅವುಚಿಕೊಂಡು, ಆಮೇಲೆ, ಆಮೇಲೇನಾಯ್ತು — ಮುಂದಿನ ವಾರ ಬಾ, ನೀನೇ ನೋಡು ಅಂದರೆ, ನೋಡೋಣ ಅಂತಿದ್ದಳು, ಮುಂದಿನ ವಾರ ನೆಗಡಿ, ಅದರ ಮುಂದಿನ ವಾರ ಅಮ್ಮನ ಫೋನು, ಹೋಗದಿದ್ದರೇನು, ಕೇಳಿದ್ದೇ ಹೋದಂತಾಗಿತ್ತು ಅವಳಿಗೆ, ಹೋದರೆ ಚಳಿ, ಬಿದ್ದರೆ ನೋವು, ಕಥೆಯಲ್ಲಿ ಅವೆರಡೂ ಇಲ್ಲ. ಅವಳ ಹುಟ್ಟುಹಬ್ಬಕ್ಕೆ ಅವನು ಶಾಲೆಯೊಂದರ ಅಂಗಳದಲ್ಲಿ ನಡೆದ ಸ್ಕೀ ಸಾಮಾನಿನ ಮಾರಾಟಕ್ಕೆ ಕರೆದುಕೊಂಡು ಹೋದ, ಮಾರುವ ಹೆಂಗಸು ಕೈಯೆತ್ತಲು ಹೇಳಿದಳು, ಎತ್ತಿದ ಕೈಯ ಮಣಿಕಟ್ಟಿನವರೆಗೆ ಬರಬೇಕಂತೆ ಸ್ಕೀಯ ಉದ್ದ, ಕಾತ್ಯಾಯಿನಿ ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ಕೈಯೆತ್ತಿ ನಿಂತಳು, ಯಶವಂತ್ ಹೊಟ್ಟೆ ಹಿಡಿದುಕೊಂಡು ನಕ್ಕ, ಆ ನಗು ಈಗ ಎಲ್ಲಿದೆ, ಹರ್ನ್‌ಡನ್ನಿಗೆ ಬಂದ ಮೂರು ವರ್ಷದಲ್ಲಿ ಅವನು ಚೆನ್ನಾಗಿಯೇ ಇದ್ದಾನೆ, ತರಕಾರಿ ತರುತ್ತಾನೆ, ಪಾತ್ರೆ ತೊಳೆಯುತ್ತಾನೆ, ಯಾವುದಕ್ಕೂ ಬಾರೇ ಎಂದು ಕರೆಯುವುದಿಲ್ಲ.

ಆ ಭಾನುವಾರ ಫೆಬ್ರವರಿಯದು, ಓಸ್ಲೋ ಬಿಟ್ಟು ಹೊರಡುವುದು ಗೊತ್ತಾಗಿತ್ತು, ಇದೊಂದ್ ವಾರ ಕಾತ್ಯಾ, ಇದೊಂದೇ, ಅಂದಿದ್ದ, ಬರ್ತೀನಿ ಅಂದಿದ್ದಳು, ಆಣೆ ಮಾಡಿದ ಹಾಗೆ ಅಂದಿದ್ದಳು, ಹಿಂದಿನ ಮಧ್ಯಾಹ್ನ ಊಟದ ಮೇಜಿಗೆ ಪೇಪರು ಹಾಸಿ ಅವಳ ಸ್ಕೀಗಳಿಗೆ ನೀಲಿ ಮೇಣ ಹಚ್ಚಿದ, ದೋಸೆ ಕಾವಲಿಗೆ ಈರುಳ್ಳಿ ಉಜ್ಜುವಂತೆ ಮೆಲ್ಲಗೆ, ತುದಿಯಿಂದ ತುದಿಗೆ, ಬೆಳಿಗ್ಗೆ ನೀನು ನಡಿ, ಬೂಟು ಹಾಕ್ಕೊಂಡ್ ಬಂದೆ ಅಂದಳು ಅವಳು, ಅವನು ಎರಡೂ ಜೊತೆ ಹೆಗಲಿಗೇರಿಸಿಕೊಂಡು ಇಳಿದ, ಅವಳು ಬೂಟು ಹಾಕುವ ಮೊದಲು ಒಂದೇ ಒಂದು ಸಲ ಕಿಟಕಿಯ ಬಳಿ ಹೋದಳು, ಒಂದೇ ಸಲ, ಅಲ್ಲಿ ಅವನು ನಿಂತಿದ್ದ, ಬಿಳಿಯ ಬೀದಿ, ಬಿಳಿಯ ಆಕಾಶ, ನಡುವೆ ಅವನೊಬ್ಬ, ಎಷ್ಟು ಚೆನ್ನಾಗಿತ್ತು, ಮೊದಲ ಟ್ರಾಮು ಬಂತು, ಅವನು ಹತ್ತಲಿಲ್ಲ, ಅವಳ ಎದೆ ಜುಮ್ಮೆಂದಿತು, ನನಗಾಗಿ ಬಿಟ್ಟ, ಆಗಲೇ ಹಾಳಾದ ಆ ಕಥೆ ನೆನಪಾದದ್ದು, ಅಜ್ಜಿಯ ಕಥೆ, ಏಳು ಪರದೆಯ ಹಿಂದಿನ ರಾಜಕುಮಾರಿ, ಬಾಗಿಲಲ್ಲಿ ನಿಂತ ವರ, ಮೂರು ಸಾರೋಟು ಮುಂದೆ ಹಾಯಬೇಕು, ಮೂರೂ ಹೋದ ಮೇಲೂ ಯಾರು ಕದಲದೆ ನಿಂತಿರುತ್ತಾನೋ ಅವನೇ ಗಂಡ, ಮೈಸೂರಿನ ಮನೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಆ ಕಥೆಯನ್ನು ನೂರು ಸಲ ಕೇಳಿದ್ದಳು, ಸರಿ, ಮೂರು ಹೋಗಲಿ, ಆಮೇಲೆ ಓಡಿ ಇಳಿಯುತ್ತೇನೆ, ಎರಡನೆಯದು ಬಂತು, ಅವನು ಒಮ್ಮೆ ತಲೆಯೆತ್ತಿ ಕಿಟಕಿಯನ್ನು ನೋಡಿದ, ಅವಳು ಪರದೆಯ ಹಿಂದೆ ಸರಿದಳು, ಅವನಿಗೆ ಕಂಡಳೋ ಇಲ್ಲವೋ, ಎರಡನೆಯದನ್ನೂ ಬಿಟ್ಟ, ಮೂರನೆಯದು ಬಂದು ನಿಂತಿತು, ಉದ್ದನೆಯ ಟ್ರಾಮು, ಸ್ಟಾಪನ್ನು ಪೂರ್ತಿ ಮರೆಮಾಡಿತು, ಬಾಗಿಲು ಮುಚ್ಚಿತು, ಹೊರಟಿತು, ಹೊರಟ ಮೇಲೆ ಅಲ್ಲಿ — ಬೇಡ, ಉಪ್ಪಿಟ್ಟು ತಳ ಹಿಡಿಯುತ್ತಿದೆ, ಉರಿ ಸಣ್ಣ ಮಾಡಬೇಕು. ಹೋದ ತಿಂಗಳು ಫೋನಿನಲ್ಲಿ ಕೇಳಿದಳು, ಅಜ್ಜಿ, ಮೂರನೇ ಸಾರೋಟು ಹೋದ್ಮೇಲೆ ಏನಾಗತ್ತೆ, ಅಜ್ಜಿ ಬೊಚ್ಚುಬಾಯಲ್ಲಿ ನಕ್ಕರು, ಮೂರನೇದೆಲ್ಲೇ ಹೋಗತ್ತೆ, ಎರಡನೇದು ಹೋಗ್ತಿದ್ದ ಹಾಗೇ ಆ ಹುಡುಗಿ ಪರದೆ ಕಿತ್ತು ಬರಿಗಾಲಲ್ಲಿ ಓಡಿ ಬಂದ್ಬಿಡ್ತಾಳೆ, ಕಾಯಿಸೋಕೂ ಒಂದು ಮಿತಿ ಬೇಡ್ವೇನೇ, ನಿಂಗೆ ಗೊತ್ತಿರಲ್ಲ ಬಿಡು, ನೀನು ಯಾವಾಗ್ಲೂ ಅಷ್ಟೊತ್ತಿಗೆ ನಿದ್ದೆ.

ಸಲಿಕೆಯ ಸದ್ದು ನಿಂತಿತು, ಹಿಂಬಾಗಿಲು ಅರ್ಧ ತೆರೆದು ಅವನ ಕೈ ಮಾತ್ರ ಒಳಗೆ ಬಂತು, ಕಾಫಿ ಆಯ್ತೇನೇ, ಒಳಗ್ ಬಂದ್ರೆ ನೆಲ ಎಲ್ಲಾ ನೀರಾಗತ್ತೆ, ಅವಳು ಲೋಟ ಕೊಟ್ಟಳು, ಬಾಗಿಲು ಅವಳ ಕಾಲುಗಳನ್ನು ಮುಚ್ಚಿದೆ, ಈಗ ಹೇಳು, ಈಗ, ಯಶು ಅಂದಳು, ಏನು ಅಂದ, ಉಪ್ಪಿಟ್ಟಿಗೆ ಮೊಸರು ಹಾಕ್ಲಾ ಚಟ್ನಿಪುಡಿ ಸಾಕಾ ಅಂದಳು, ಎರಡೂ ಅಂತ ಹೇಳಿ ಅವನು ಹೋದ, ಗಡಿಯಾರದಲ್ಲಿ ಹತ್ತೂಕಾಲು, ಇನ್ನೂ ಮುಕ್ಕಾಲು ಗಂಟೆಯಿದೆ ಅಂದುಕೊಳ್ಳುವಾಗಲೇ ಕಾರಿನ ಬಾಗಿಲು ಧಡ್ ಅಂತು, ತಾಹಿರಾಳ ದನಿ, ರೋಡೆಲ್ಲ ಖಾಲಿ ಯಶವಂತ್, ಬೇಗ ಬಂದ್ಬಿಟ್ವಿ, ಇವರು ಡ್ರೈವ್ ಮಾಡ್ತಿದ್ರೆ ನಾನು ಪಕ್ಕದಲ್ಲಿ ಕಲ್ಮಾ ಓದ್ತಾ ಕೂತಿದ್ದೆ, ಅಫ್ತಾಬ್ ನಗುತ್ತ, ಓದಿದ್ದಕ್ಕೇ ತಲುಪಿದ್ವಿ ಬಿಡಮ್ಮ ಅಂದ, ಕಾತ್ಯಾಯಿನಿ ನೈಟಿಯ ಮೇಲೆ ಕೋಟು ಸಿಕ್ಕಿಸಿಕೊಂಡು ಗರಾಜಿಗೆ ಓಡಿದಳು, ಅಷ್ಟರಲ್ಲಿ ಅಫ್ತಾಬ್ ಅವಳ ಸ್ಕೀ ಒಂದನ್ನು ತಿರುಗಿಸಿ ಬೆಳಕಿಗೆ ಹಿಡಿದಿದ್ದ, ನಿಂದರ ತಳ ನೋಡಿದ್ರೆ ಗೀರೇ ಗೀರು, ಇದು ಶೋರೂಮ್ ಪೀಸ್ ಇದ್ದಂಗಿದೆಯಲ್ಲೋ, ಯೂಸೇ ಮಾಡಿಲ್ವಾ, ಯಶವಂತ್ ಹಗ್ಗದ ಗಂಟು ಬಿಚ್ಚುತ್ತಿದ್ದ, ತಲೆ ಎತ್ತಲಿಲ್ಲ, ಒಂದು ದಿನ ಹೊರಗಡೆ ಇತ್ತು ಅದು, ಅಂದ, ಬೆಳಿಗ್ಗೆಯಿಂದ ಸಂಜೆವರೆಗೂ ಇತ್ತು — ಅವನಿಗೆ ಗೊತ್ತಿತ್ತು, ಪರದೆ, ಪರದೆಯ ಹಿಂದಿನ ಅವಳು, ತಲೆನೋವು ಬಂದ್ಬಿಡ್ತು ಅಂತ ಆ ಸಂಜೆ ಅವಳು ಹೇಳಿದಾಗ ಈಗ ಹೇಗಿದೆ ಅಂತಷ್ಟೇ ಕೇಳಿ ಹಣೆ ಮುಟ್ಟಿದ್ದ, ಎಲ್ಲ ಗೊತ್ತಿದ್ದೇ ಮುಟ್ಟಿದ್ದ, ಅವಳ ಬಾಯಿ ತಾನಾಗಿ ಆಡಿತು, ಯಶು, ಇವರು ತಗೊಂಡ್ ಹೋಗೋ ಮುಂಚೆ ನಾವಿಬ್ರೂ ಒಂದ್ಸಲ ಹೋಗ್ಬರೋಣ್ವಾ, ಒಂದರ್ಧ ಗಂಟೆ, ತಾಹಿರಾ ಮೊದಲು ಅವಳ ಕಾಲು ನೋಡಿದಳು, ಅರೆ, ಬೂಟ್ ಹಾಕ್ಕೊಂಡು ರೆಡಿಯಾಗೇ ನಿಂತಿದೀರಾ, ಹೋಗ್ಬನ್ನಿ ಹೋಗ್ಬನ್ನಿ, ನಮಗೇನು ಅರ್ಜೆಂಟಿಲ್ಲ, ಉಪ್ಪಿಟ್ಟಿನ ವಾಸನೆ ಬರ್ತಿದೆ, ನಾವು ಅದನ್ನ ನೋಡ್ಕೋತೀವಿ, ಯಶವಂತ್ ಕೂಡ ಅವಳ ಕಾಲು ನೋಡಿದ, ಬಹಳ ಹೊತ್ತು ನೋಡಿದ, ಬೇರೆ ಯಾರದೋ ಮನೆಯಲ್ಲಿ ತನ್ನ ಸಾಮಾನು ಕಂಡವನ ಹಾಗೆ, ಆಮೇಲೆ, ನನ್ ಬೂಟು ಹೋದ ವರ್ಷಾನೇ ಡೊನೇಟ್ ಮಾಡ್ಬಿಟ್ನಲ್ಲ ಕಾತ್ಯಾ, ಅಂದ, ಸಿಟ್ಟಿಲ್ಲ, ಕೊಂಕಿಲ್ಲ, ಹಾಲು ಮುಗಿದಿದೆ ಅನ್ನುವಷ್ಟೇ ದನಿ, ನೀನ್ ಹೋಗ್ಬಾ ಬೇಕಿದ್ರೆ, ಜೊತೆಗೆ ತಾಹಿರಾ ಇದಾರಲ್ಲ.

ಯಾವಾಗ ಕೊಟ್ಟ, ಯಾವ ಶನಿವಾರ, ಅವಳು ಮನೆಯಲ್ಲೇ ಇದ್ದಿರಬೇಕು, ಅವನು ಚೀಲ ಹಿಡಿದು ಕಾರಿಗೆ ಹೋಗುವುದನ್ನು ಇದೇ ಕಿಟಕಿಯಿಂದ ನೋಡಿಯೂ ಇರಬೇಕು, ಬೇಡ ತಾಹಿರಾ, ಇನ್ನೊಂದ್ಸಲ ಅಂದಳು, ಎಲ್ಲರೂ ಉಪ್ಪಿಟ್ಟು ತಿಂದರು, ಚೆನ್ನಾಗಿದೆ ಅಂದರು, ಅಫ್ತಾಬ್ ಸ್ಕೀಗಳನ್ನು ಕಾರಿನ ಮೇಲೆ ಕಟ್ಟಿದ, ಕಾರು ತಿರುವಿನಲ್ಲಿ ಕಾಣದಾಯಿತು, ಯಶವಂತ್ ಒಳಗೆ ಹೋಗಿ ಟೇಪು ಹರಿಯುತ್ತಿದ್ದಾನೆ, ಕಮ್ಮಿಂಗ್‌ನ ಮನೆಗೆ ದೊಡ್ಡ ಕಿಟಕಿಗಳಿವೆ, ಫೋಟೋದಲ್ಲಿ ನೋಡಿದ್ದಾಳೆ, ಪರದೆ ಹೊಲಿಸಬೇಕು, ಮೂರನೆಯ ಟ್ರಾಮು ಹೊರಟಿತು, ಹೊರಟ ಮೇಲೆ ಅಲ್ಲಿ ಅವನಿರಲಿಲ್ಲ, ಅವಳ ಸ್ಕೀಗಳಿದ್ದವು, ಹೋಗುವಾಗ ಅವಳಿಗೆ ಸಿಗಲೆಂದು ಹಿಮದ ದಿಬ್ಬದಲ್ಲಿ ನೆಟ್ಟು ಹೋಗಿದ್ದ, ನೆಟ್ಟಗೆ, ಜೊತೆಯಾಗಿ, ಮೂತಿ ಮೇಲಕ್ಕೆ, ಆಗಲೂ ಇಳಿಯಬಹುದಿತ್ತು, ಮುಂದಿನದನ್ನು ಹಿಡಿದು ಕೊನೇ ಸ್ಟಾಪಿಗೆ ಹೋಗಬಹುದಿತ್ತು, ಅಲ್ಲಿ ಕಾದಿದ್ದನೋ ಏನೋ, ಟ್ರಾಮು ಬಂತು, ಮರೆಯಾದವು, ಟ್ರಾಮು ಹೋಯಿತು, ಇವೆ, ಹನ್ನೆರಡಕ್ಕೆ ಇವೆ, ಎರಡಕ್ಕೆ ಇವೆ, ಯಾರೂ ಮುಟ್ಟುವುದಿಲ್ಲ, ಹಿಮ ಬೀಳತೊಡಗಿತು, ಟ್ರಾಮು ಬಂತು, ಹೋಯಿತು, ಇವೆ, ಎರಡು, ನೆಟ್ಟಗೆ, ಹಿಮದಲ್ಲಿ